ಎಡಕ್ಕೆ ಅಂದರೆ ಯಾರ ಎಡಕ್ಕೆ?

ಐದು ವರ್ಷದ ಮಗಳಿರುವ ತಾಯಿಯೊಬ್ಬರು ಹೀಗೆ ಬರೆದಿದ್ದಾರೆ: "ಕೋಡಿಂಗ್ ಈಗಲೇ ಶುರು ಮಾಡದಿದ್ದರೆ ಮಗು ಹಿಂದೆ ಬೀಳುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಅವಳ ಕೈಗೆ ಟ್ಯಾಬ್ ಕೊಡಲು ನನಗೆ ಮನಸ್ಸಿಲ್ಲ. ಸ್ಕ್ರೀನ್ ಇಲ್ಲದೆ ಕೋಡಿಂಗ್ ಕಲಿಸಬಹುದು ಅನ್ನುತ್ತಾರಲ್ಲ, ಅದು ನಿಜವಾ? ಇಲ್ಲಾ, ಸುಮ್ನೆ ಸಮಾಧಾನದ ಮಾತಾ?"

ನಿಜ. ಈ ವಯಸ್ಸಿಗೆ ಅದೇ ಒಳ್ಳೆಯ ದಾರಿ ಅಂತಲೂ ನನಗೆ ಅನ್ನಿಸುತ್ತದೆ.

ಮೊದಲು ಭಯ ಬಿಡಿ. ಐದನೇ ವರ್ಷಕ್ಕೆ ಯಾರೂ ಹಿಂದೆ ಬೀಳುವುದಿಲ್ಲ. ದೊಡ್ಡ ಕೆಲಸವನ್ನು ಚಿಕ್ಕ ಹೆಜ್ಜೆಗಳಾಗಿ ಬಿಡಿಸುವುದು, ಅವನ್ನು ಸರಿಯಾದ ಕ್ರಮದಲ್ಲಿ ಹೇಳುವುದು, ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಹುಡುಕುವುದು: ಕೋಡಿಂಗ್‌ನ ಬುಡ ಇಷ್ಟೇ. ಇದಕ್ಕೆ ಕರೆಂಟೂ ಬೇಡ. ಇಂಗ್ಲೆಂಡಿನ ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲಿ ಒಂದು ಯಂತ್ರ ಹೇಗೆ ಲೆಕ್ಕ ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದು ಪ್ರಕಟಿಸಿದರು. ಆ ಯಂತ್ರ ಪೂರ್ತಿ ತಯಾರಾಗಲೇ ಇಲ್ಲ. ಆದರೂ ಅದನ್ನು ಮೊದಲ ಪ್ರೋಗ್ರಾಮ್ ಅಂತ ಇಂದಿಗೂ ಎಷ್ಟೋ ಜನ ಕರೆಯುತ್ತಾರೆ.

ಈಗ ಆಟಕ್ಕೆ ಬರೋಣ. ನೆಲದ ಮೇಲೆ ಸೀಮೆಸುಣ್ಣದಿಂದ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕರಂತೆ ಚೌಕಗಳನ್ನು ಬರೆಯಿರಿ. ಒಂದರಲ್ಲಿ ದಿಂಬು ಇಡಿ. ನೀವು ರೋಬೋ, ನಿಮ್ಮನ್ನು ದಿಂಬಿನವರೆಗೆ ನಡೆಸುವುದು ಮಗುವಿನ ಕೆಲಸ. ಮಗು ಹೇಳಿದಷ್ಟೇ ಮಾಡಬೇಕು, ಒಂದು ಹೆಜ್ಜೆಯೂ ಜಾಸ್ತಿ ಇಡಬಾರದು.

ನನ್ನ ತಂಗಿಯ ಮಗನಿಗೆ ಆರು ವರ್ಷವಿದ್ದಾಗ ನಾವು ಇದನ್ನು ಆಡಿದ್ದೆವು. ನನ್ನ ಎದುರು ನಿಂತು "ಎಡಕ್ಕೆ" ಅಂದ. ನಾನು ನನ್ನ ಎಡಕ್ಕೆ ತಿರುಗಿ ಅಲ್ಲೇ ನಿಂತೆ. "ಹೋಗು!" ಅಂದ. ಹೋದೆ. "ಆ ಕಡೆ ಅಲ್ಲ!" ಅಂತ ಕೂಗಿದ. ಬಾಯಿ ಬಿಟ್ಟು ಹೇಳಿಕೊಡಲು ಜೀವ ತುಡಿಯುತ್ತಿತ್ತು, ಆದರೂ ಸುಮ್ಮನಿದ್ದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಬಂದು ನನ್ನ ಬೆನ್ನ ಹಿಂದೆ ನಿಂತು, ತನ್ನ ಮೈಯನ್ನೇ ತಿರುಗಿಸಿ ನೋಡಿಕೊಂಡ. "ಓ, ನಿನ್ನ ಎಡ ಬೇರೆ!" ಅಂದ. ತಿರುಗುವುದು ಬೇರೆ, ನಡೆಯುವುದು ಬೇರೆ ಅಂತಲೂ ಅವನಿಗೆ ಅಲ್ಲೇ ಹೊಳೆಯಿತು.

1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಶುರು ಮಾಡಿದವರಲ್ಲಿ ಒಬ್ಬರಾದ ಸೀಮೋರ್ ಪೇಪರ್ಟ್ ನಂಬಿದ್ದೂ ಇದನ್ನೇ. ಲೋಗೋದಲ್ಲಿ ಮಕ್ಕಳು ಆಜ್ಞೆ ಕೊಡುತ್ತಿದ್ದದ್ದು ಒಂದು ಆಮೆಗೆ, ಅಂದರೆ ನೆಲದ ಮೇಲೆ ಓಡುವ ಪುಟ್ಟ ರೋಬೋಗೆ ಅಥವಾ ಪರದೆಯ ಮೇಲಿನ ಗುರುತಿಗೆ. ದಾರಿ ತೋಚದಿದ್ದರೆ ಮಗು ತಾನೇ ಆಮೆಯಾಗಿ ನಡೆದು ನೋಡಲಿ ಅನ್ನುತ್ತಿದ್ದರು.

ಮಾರನೇ ದಿನ ಚೀಟಿಗಳಲ್ಲಿ ಬಾಣ ಬರೆದು, ಪೂರ್ತಿ ದಾರಿಯನ್ನು ಮೊದಲೇ ಜೋಡಿಸಲು ಹೇಳಿ. ಆಮೇಲೆ ನಡೆಯಿರಿ. ದಾರಿ ತಪ್ಪಿದರೆ ಎಲ್ಲ ಚೀಟಿ ಕಲಸಿ ಮತ್ತೆ ಶುರು ಮಾಡಲು ಬಿಡಬೇಡಿ. "ಎಲ್ಲಿವರೆಗೆ ಸರಿ ಇತ್ತು?" ಅಂತ ಕೇಳಿ. ತಪ್ಪಿದ ಒಂದು ಚೀಟಿಯನ್ನು ಮಾತ್ರ ಬದಲಾಯಿಸಲು ಕಲಿತರೆ ಅದೇ ಡಿಬಗ್ಗಿಂಗ್. ಇಡೀ ಆಟದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದು. ತಪ್ಪು ಅಂದರೆ ಬೈಗುಳ ಅಲ್ಲ, ಹುಡುಕಬೇಕಾದ ಒಂದು ಜಾಗ ಅಂತ ಮಗುವಿಗೆ ಗೊತ್ತಾಗುತ್ತದೆ, ಅಲ್ವಾ?

ಲೂಪ್ (ಒಂದೇ ಹೆಜ್ಜೆಯನ್ನು ಇಷ್ಟು ಸಲ ಮಾಡು ಅನ್ನುವ ಆಜ್ಞೆ) ಕಲಿಸಲು ಅವಸರ ಬೇಡ. ಮುಂದೆ, ಮುಂದೆ, ಮುಂದೆ ಅಂತ ಚೀಟಿ ಇಟ್ಟು ಅವಳಿಗೇ ಬೇಜಾರಾಗಲಿ. "ಮೂರು ಸಲ ಅಂತ ಬರೆಯಲಾ?" ಅಂತ ಅವಳೇ ಕೇಳುತ್ತಾಳೆ.

ಏಳೆಂಟು ವರ್ಷಕ್ಕೆ ಇನ್ನೂ ಸೊಗಸಾದ ಆಟಗಳಿವೆ. 1ರಿಂದ 100ರ ಒಳಗೆ ಒಂದು ಸಂಖ್ಯೆ ನೆನೆಸಿಕೊಳ್ಳಿ. ಮಗು "50ಕ್ಕಿಂತ ದೊಡ್ಡದಾ?" ಅಂತ ಕೇಳಿ, ಪ್ರತಿ ಸಲ ಉಳಿದ ಸಂಖ್ಯೆಗಳನ್ನು ಅರ್ಧಕ್ಕೆ ಕತ್ತರಿಸುತ್ತಾ ಹೋದರೆ 7 ಪ್ರಶ್ನೆಗಳೊಳಗೆ ಸಿಕ್ಕೇ ಸಿಗುತ್ತದೆ. 1, 2, 4, 8, 16 ಚುಕ್ಕಿಗಳ ಐದು ಕಾರ್ಡ್ ಮಾಡಿ, ಕೆಲವನ್ನು ತೆರೆದು ಕೆಲವನ್ನು ಮಗುಚಿ, ಕಾಣುವ ಚುಕ್ಕಿಗಳನ್ನು ಕೂಡಿಸಿದರೆ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. ನ್ಯೂಜಿಲೆಂಡ್‌ನ ಟಿಮ್ ಬೆಲ್ ಮತ್ತು ಜೊತೆಗಾರರು 1990ರ ದಶಕದಿಂದ ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್ ಹೆಸರಿನಲ್ಲಿ ಇಂಥ ಆಟಗಳನ್ನು ಹಂಚುತ್ತಾ ಬಂದಿದ್ದಾರೆ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಯಂತ್ರ ಅರ್ಧ ಮಾತನ್ನು ಊಹಿಸಿಕೊಳ್ಳುವುದಿಲ್ಲ, ಅಮ್ಮ ಊಹಿಸಿಕೊಳ್ಳುತ್ತಾಳೆ. ಅದಕ್ಕೇ ನೀವು ಗಟ್ಟಿ ರೋಬೋ ಆಗಬೇಕು. ಓದು ಬರಹ ಸಲೀಸಾದ ಮೇಲೆ ಕಂಪ್ಯೂಟರ್ ಮುಂದೆ ಕೂರಲಿ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರ್ಯಾಚ್ ಅನ್ನು ಮುಖ್ಯವಾಗಿ 8ರಿಂದ 16 ವರ್ಷದವರಿಗೆಂದೇ ಮಾಡಿದ್ದಾರೆ.

ಸದ್ಯಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು. "ಇನ್ನೊಂದು ಸಲ" ಅಂತ ಅವಳು ಕೇಳುವಾಗಲೇ ಚೀಟಿಗಳನ್ನು ಡಬ್ಬಿಗೆ ಹಾಕಿಡಿ. ನಾಳೆ ಅವಳೇ ಡಬ್ಬಿ ಹಿಡಿದುಕೊಂಡು ಬರುತ್ತಾಳೆ.