ಅಡುಗೆಮನೆಗೆ ಬಂದ ಸರ್ಕಾರ

ಓದುಗರ ಪತ್ರ: “ನಿಮ್ಮ ಪತ್ರಿಕೆಯ ಪ್ರವಾಸ ಅಂಕಣವನ್ನು ನಂಬಿ ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಜಾನ್ ಬೌನ್ ಮನೆಯನ್ನು ನೋಡಿ ಬಂದೆ. ಗಣೇಶನ ದೇವಸ್ಥಾನಕ್ಕೆಂದು ಹೊರಟಿದ್ದ ಮಗಳು ಅಳಿಯನನ್ನು ಒತ್ತಾಯ ಮಾಡಿ ಆ ಕಡೆಗೆ ತಿರುಗಿಸಿದ್ದೆ. ಕಂಡದ್ದೇನು? ಹಳೆಯ ಮರದ ಮನೆ, ಒಂದು ಒಲೆ, ಕುರ್ಚಿ, ಮೇಜು. ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯ ಹುಟ್ಟಿದ್ದೇ ಇಲ್ಲಿ, ಪ್ರಸಿದ್ಧವಾದ ಫ್ಲಶಿಂಗ್ ಅಹವಾಲಿಗೆ ಸಹಿ ಬಿದ್ದದ್ದೂ ಇಲ್ಲಿ ಎಂದು ಜೊತೆಗೆ ಬಂದಿದ್ದವರೊಬ್ಬರು ಹೇಳಿದರು. ಒಬ್ಬ ಕ್ವೇಕರ್ ತನ್ನ ಪಂಥಕ್ಕಾಗಿ ಜಗಳವಾಡಿದರೆ ಅದು ಎಲ್ಲರ ಸ್ವಾತಂತ್ರ್ಯ ಹೇಗಾಯಿತು? ಬರುವ ತಿಂಗಳು ಮೈಸೂರಿನಿಂದ ಬೀಗರು ಬರುತ್ತಿದ್ದಾರೆ. ಅವರನ್ನು ಅಲ್ಲಿಗೆ ಕರೆದೊಯ್ಯಬೇಕೇ ಬೇಡವೇ, ನೇರವಾಗಿ ಹೇಳಿ.”

ಸಂಪಾದಕರ ಉತ್ತರ:

ಮಾನ್ಯರೇ, ಕರೆದುಕೊಂಡು ಹೋಗಿ. ಆದರೆ ನಿಮಗೆ ಹೇಳಿದ ಕಥೆಯನ್ನೇ ಅವರಿಗೂ ಒಪ್ಪಿಸಬೇಡಿ. ಕ್ವೇಕರ್ ಎಂಬ ಕ್ರೈಸ್ತ ಪಂಥದವರನ್ನು ಕಾಡಲು ಒಪ್ಪೆವೆಂದು ಊರಿನವರು ಆಡಳಿತಕ್ಕೆ ಬರೆದುಕೊಟ್ಟ ಆ ಅಹವಾಲಿಗೆ ಸಹಿ ಬಿದ್ದದ್ದು 1657ರ ಡಿಸೆಂಬರ್ 27ರಂದು. ಬೌನ್ ಈ ಮನೆ ಕಟ್ಟಿಸಿದ್ದು ಸುಮಾರು 1661ರಲ್ಲಿ. ಸಹಿ ಮಾಡಿದವರ ಸಾಲಿನಲ್ಲಿ ಬೌನನ ಹೆಸರೂ ಇಲ್ಲ. ಎರಡು ಘಟನೆಗಳನ್ನು ಒಂದೇ ಸೂರಿನ ಕೆಳಗೆ ಕೂರಿಸಿದರೆ ಪ್ರವಾಸಿಗರಿಗೆ ವಿವರಿಸುವುದು ಸುಲಭ, ನಿಜ. ಆದರೆ ಅವನ್ನು ಬಿಡಿಸಿ ನೋಡಿದಾಗಲೇ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು.

ಆಗ ಆ ನೆಲಕ್ಕೆ ನ್ಯೂಯಾರ್ಕ್ ಎಂಬ ಹೆಸರಿರಲಿಲ್ಲ. ಅದು ಡಚ್ ವೆಸ್ಟ್ ಇಂಡಿಯಾ ಕಂಪನಿಯ ವಸಾಹತು. ಮ್ಯಾನ್‌ಹಟನ್ನಿನ ತುದಿಯಲ್ಲಿದ್ದ ನ್ಯೂ ಆಮ್‌ಸ್ಟರ್‌ಡ್ಯಾಮ್ ಅದರ ರಾಜಧಾನಿ. ಫ್ಲಶಿಂಗ್ ಲಾಂಗ್ ಐಲೆಂಡಿನಲ್ಲಿ, ಮ್ಯಾಟಿನಿಕಾಕ್ ಜನರ ನೆಲದಲ್ಲಿ ಇಂಗ್ಲಿಷರು ಬಂದು ನೆಲೆಸಿದ ಊರು. 1645ರಲ್ಲಿ ಊರಿಗೆ ಸನ್ನದು ಕೊಡುವಾಗ, ಹಾಲೆಂಡಿನ ಪದ್ಧತಿಯಂತೆ ಇಲ್ಲಿಯ ಜನರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಉಂಟು, ಯಾರೂ ಕಿರುಕುಳ ಕೊಡಬಾರದು ಎಂದು ಡಚ್ಚರೇ ಬರೆದುಕೊಟ್ಟಿದ್ದರು. ಎರಡು ವರ್ಷಗಳ ನಂತರ ಆಡಳಿತಕ್ಕೆ ಪೀಟರ್ ಸ್ಟೈವೆಸೆಂಟ್ ಬಂದ. ಪಾದ್ರಿಯ ಮಗ, ಕದನದಲ್ಲಿ ಒಂದು ಕಾಲು ಕಳೆದುಕೊಂಡು ಮರದ ಕಾಲಿನ ಮೇಲೆ ನಡೆಯುತ್ತಿದ್ದವನು, ಡಚ್ ರಿಫಾರ್ಮ್ಡ್ ಚರ್ಚಿನ ಹೊರಗೆ ಜನ ಕೂಡಿ ಪ್ರಾರ್ಥಿಸುವುದನ್ನು ಸಹಿಸದವನು. ಲೂಥರನ್ನರನ್ನು ತಡೆದ. 1654ರಲ್ಲಿ ಬ್ರೆಜಿಲಿನಿಂದ ದಿಕ್ಕೆಟ್ಟು ಬಂದ 23 ಯಹೂದಿಗಳನ್ನು ಓಡಿಸಲು ಕಂಪನಿಯ ಅಪ್ಪಣೆ ಬೇಡಿದ. ಕಂಪನಿ ಕೊಡಲಿಲ್ಲ. ಕಂಪನಿಯಲ್ಲಿ ಬಂಡವಾಳ ಹೂಡಿದವರಲ್ಲಿ ಯಹೂದಿಗಳೂ ಇದ್ದರು ಎಂಬುದು ಅದಕ್ಕೆ ಒಂದು ಕಾರಣ. ಈ ಲೆಕ್ಕಾಚಾರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1657ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಕ್ವೇಕರರು ಹಡಗಿನಲ್ಲಿ ಬಂದಿಳಿದರು. ಪುರೋಹಿತರು ಬೇಡ ಎನ್ನುವವರು, ನ್ಯಾಯಾಲಯದಲ್ಲಿ ಪ್ರಮಾಣ ಮಾಡದವರು, ಅಧಿಕಾರಿಯ ಮುಂದೆ ಟೋಪಿ ತೆಗೆಯದವರು, ಹೆಂಗಸರೂ ಎದ್ದು ನಿಂತು ಉಪದೇಶ ಮಾಡಬಹುದು ಎನ್ನುವವರು. ಅಂದಿನ ಅಧಿಕಾರಸ್ಥರ ಕಣ್ಣಿಗೆ ಇದು ಭಕ್ತಿಗಿಂತ ಹೆಚ್ಚಾಗಿ ದಂಗೆಯಾಗಿ ಕಂಡಿತು. ಪಕ್ಕದ ಬಾಸ್ಟನ್ನಿನಲ್ಲಿ 1659ರಿಂದ 1661ರ ಒಳಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. ಅವರಲ್ಲಿ ಮೇರಿ ಡೈಯರ್ ಎಂಬ ಹೆಂಗಸೂ ಒಬ್ಬಳು. ಸ್ಟೈವೆಸೆಂಟ್ ಅಷ್ಟು ದೂರ ಹೋಗಲಿಲ್ಲ. ಆದರೆ ರಾಬರ್ಟ್ ಹಾಡ್ಜ್‌ಸನ್ ಎಂಬ ಉಪದೇಶಕನನ್ನು ಕೈಬಂಡಿಗೆ ಸರಪಳಿಯಲ್ಲಿ ಕಟ್ಟಿಸಿ, ದುಡಿಯಲು ಒಪ್ಪದಿದ್ದಾಗ ಚಾವಟಿಯಲ್ಲಿ ಹೊಡೆಸಿದ. ಕೊನೆಗೆ ಅವನ ಬಿಡುಗಡೆಗಾಗಿ ಬೇಡಿಕೊಂಡವಳು ಸ್ಟೈವೆಸೆಂಟನ ಸ್ವಂತ ತಂಗಿ. ಆಮೇಲೆ ಹುಕುಂ ಹೊರಟಿತು: ಕ್ವೇಕರನನ್ನು ಒಂದು ರಾತ್ರಿ ಮನೆಯಲ್ಲಿ ಇರಿಸಿಕೊಂಡರೂ 50 ಪೌಂಡ್ ದಂಡ.

ಅಹವಾಲು ಬಂದದ್ದು ಈ ಹುಕುಮಿಗೆ ಉತ್ತರವಾಗಿ. ಅದನ್ನು ಬರೆದವನು ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್. ಸ್ಟೈವೆಸೆಂಟನ ಕೈಗೆ ತಲುಪಿಸಿದವನು ಊರಿನ ಷೆರೀಫ್ ಟೋಬಿಯಾಸ್ ಫೀಕ್, ಎಂದರೆ ಆ ಹುಕುಮನ್ನು ಜಾರಿ ಮಾಡಬೇಕಾಗಿದ್ದವನೇ. ಅಮಲ್ದಾರರ ಅಪ್ಪಣೆಯನ್ನು ಪಾಲಿಸುವುದಿಲ್ಲವೆಂದು ಶಾನುಭೋಗ ಬರೆದು, ಪಟೇಲ ಅದನ್ನು ಹೊತ್ತುಕೊಂಡು ಕಚೇರಿಗೆ ಹೋದ ಹಾಗೆ. ಸಹಿ ಹಾಕಿದ ಸುಮಾರು 30 ಮಂದಿಯಲ್ಲಿ ಕೆಲವರಿಗೆ ಬರೆಯಲು ಬಾರದು, ಗುರುತು ಹಾಕಿದ್ದಾರೆ. ಇವರು ಕ್ವೇಕರರಲ್ಲ. ಕ್ವೇಕರರ ನೆರೆಹೊರೆಯವರು.

ನೀವು ಕೇಳಿದ “ಎಲ್ಲರ ಸ್ವಾತಂತ್ರ್ಯ” ಇರುವುದು ಇಲ್ಲಿ. ನಮ್ಮ ಬಾಗಿಲಿಗೆ ಯಾರಾದರೂ ಪ್ರೀತಿಯಿಂದ ಬಂದರೆ ಅವರ ಮೇಲೆ ಕೈ ಎತ್ತಲು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ. ಹಾಲೆಂಡಿನ ಪ್ರೀತಿ, ಶಾಂತಿ, ಸ್ವಾತಂತ್ರ್ಯದ ಕಾನೂನು ಆದಾಮನ ಮಕ್ಕಳಾದ ಯಹೂದಿಗಳಿಗೂ ತುರ್ಕರಿಗೂ ಈಜಿಪ್ಟಿನವರಿಗೂ ಸಲ್ಲುತ್ತದೆ ಎಂಬುದು ಆ ಕಾಗದದ ಸಾರ. ತುರ್ಕರೆಂದರೆ ಅಂದಿನ ಮಾತಿನಲ್ಲಿ ಮುಸ್ಲಿಮರು. ಬರೆದವರಲ್ಲಿ ಎಷ್ಟು ಮಂದಿ ಮುಸ್ಲಿಮನೊಬ್ಬನನ್ನು ಕಣ್ಣಾರೆ ಕಂಡಿದ್ದರೋ! ಹಿಂದೂಗಳ ಹೆಸರಂತೂ ಅಲ್ಲಿಲ್ಲ. ನಾನು ಇದನ್ನು ಕ್ರೈಸ್ತ ಧರ್ಮದೊಳಗಿನ ಒಂದು ವಾದವೆಂದೇ ಓದುತ್ತೇನೆ. ಅದರ ವಾದಕ್ಕೆ ಮುಖ್ಯ ಆಧಾರ ಬೈಬಲ್ಲು. ಆದರೂ ತಮ್ಮದಲ್ಲದ ಪಂಥಕ್ಕಾಗಿ, ಹೆಸರು ಹಾಕಿ, ದಂಡ ತೆರುವ ಭಯವನ್ನು ಮೈಮೇಲೆ ಎಳೆದುಕೊಂಡು ಬರೆದ ಕಾಗದ ಅದು. ಆ ಭಯ ನಿಜವಾಯಿತು. ಫೀಕನ ಕೆಲಸ ಹೋಯಿತು, 200 ಗಿಲ್ಡರ್ ದಂಡ ಬಿತ್ತು. ಹಾರ್ಟ್ ಸೆರೆಮನೆಗೆ ಹೋದ, ಕ್ಷಮೆ ಬೇಡಿ ಹೊರಬಂದ. ಸಹಿ ಹಾಕಿದ್ದ ಇಬ್ಬರು ಮ್ಯಾಜಿಸ್ಟ್ರೇಟರು ಮಾತು ಹಿಂತೆಗೆದುಕೊಂಡರು. ಅಹವಾಲು ಸೋತಿತು ಎಂದೇ ಹೇಳಬೇಕು. ಆ ಕಾಗದ ಈಗ ಆಲ್ಬನಿಯಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಾಗಾರದಲ್ಲಿದೆ; 1911ರಲ್ಲಿ ಅಲ್ಲಿಯ ಶಾಸನಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಅಂಚು ಸುಟ್ಟುಹೋಗಿ ಉಳಿದದ್ದು.

ಬೌನನ ಸರದಿ ಬಂದದ್ದು ಅಹವಾಲಿಗೆ ಸಹಿ ಬಿದ್ದ ಐದು ವರ್ಷಕ್ಕೆ. ಇಂಗ್ಲೆಂಡಿನ ಡರ್ಬಿಶೈರಿನ ಮ್ಯಾಟ್‌ಲಾಕಿನಲ್ಲಿ ಹುಟ್ಟಿದವನು. ಮೊದಲು ಕ್ವೇಕರಳಾದವಳು ಅವನ ಹೆಂಡತಿ ಹನ್ನಾ, ಅವಳ ಹಿಂದೆ ಅವನು. ಕಾಡಿನಲ್ಲಿ ಕದ್ದು ಸೇರುತ್ತಿದ್ದವರನ್ನು ತನ್ನ ಹೊಸ ಮನೆಗೆ ಕರೆದ. 1662ರ ಸೆಪ್ಟೆಂಬರಿನಲ್ಲಿ ಬಂಧನ, 25 ಫ್ಲೆಮಿಶ್ ಪೌಂಡ್ ದಂಡ. ಕಟ್ಟುವುದಿಲ್ಲವೆಂದ. ಕೆಲವು ತಿಂಗಳು ಸೆರೆಯಲ್ಲಿಟ್ಟು ನೋಡಿದರು, ಜಗ್ಗಲಿಲ್ಲ. ಹಡಗು ಹತ್ತಿಸಿ ಗಡೀಪಾರು ಮಾಡಿದರು. ಸ್ಟೈವೆಸೆಂಟನ ದೊಡ್ಡ ತಪ್ಪು ಇದೇ ಎಂದು ನನಗನ್ನಿಸುತ್ತದೆ: ಹಟಮಾರಿಯೊಬ್ಬನನ್ನು ಸರ್ಕಾರಿ ಖರ್ಚಿನಲ್ಲಿ ತನ್ನ ಮೇಲಧಿಕಾರಿಗಳ ಕಡೆಗೇ ಅಟ್ಟಿದ. ಬೌನ್ ಐರ್ಲೆಂಡ್, ಇಂಗ್ಲೆಂಡ್ ದಾಟಿ ಆಮ್‌ಸ್ಟರ್‌ಡ್ಯಾಮ್ ತಲುಪಿ ಕಂಪನಿಯ ನಿರ್ದೇಶಕರ ಮುಂದೆ ನಿಂತ. ಅವನ ಕೈಯಲ್ಲಿದ್ದ ಬಲವಾದ ದಾಖಲೆ 1645ರ ಆ ಸನ್ನದು.

1663ರ ಏಪ್ರಿಲ್ 16ರಂದು ನಿರ್ದೇಶಕರು ಸ್ಟೈವೆಸೆಂಟನಿಗೆ ಕಾಗದ ಬರೆದರು. ಕ್ವೇಕರರು ಅಲ್ಲಿ ಇಲ್ಲದಿದ್ದರೆ ನಮಗೂ ಸಂತೋಷವೇ. ಆದರೆ ಬಿಗಿ ಮಾಡಿದರೆ ವಲಸೆ ಬರುವವರು ನಿಂತುಹೋಗುತ್ತಾರೆ, ಎಳೆಯ ವಸಾಹತಿಗೆ ಜನ ಬೇಕು. ಆದ್ದರಿಂದ ಕಣ್ಣುಮುಚ್ಚಿಕೊಂಡಿರು, ನೆರೆಯವರಿಗೆ ತೊಂದರೆ ಕೊಡದೆ, ಸರ್ಕಾರವನ್ನು ವಿರೋಧಿಸದೆ ಇರುವವನ ಮನಸ್ಸಾಕ್ಷಿಯನ್ನು ಅವನ ಪಾಡಿಗೆ ಬಿಡು. ತಾತ್ಪರ್ಯ ಇಷ್ಟು. ಇದರಲ್ಲಿ ಅರ್ಧ ಧರ್ಮ, ಅರ್ಧ ವ್ಯಾಪಾರ. ಯಹೂದಿಗಳ ವಿಷಯದಲ್ಲಿ ಆದದ್ದೂ ಇದೇ ಅಲ್ಲವೇ? ಬೌನ್ 1664ರ ಜನವರಿಯಲ್ಲಿ ಮನೆಗೆ ಮರಳಿದ. ಅದೇ ವರ್ಷದ ಆಗಸ್ಟ್ ಕೊನೆಗೆ ಇಂಗ್ಲಿಷರ ಹಡಗುಗಳು ಬಂದವು, ಸೆಪ್ಟೆಂಬರಿನಲ್ಲಿ ಸ್ಟೈವೆಸೆಂಟ್ ಕೋಟೆ ಒಪ್ಪಿಸಿದ, ಕಂಪನಿಯ ಕಾಗದಕ್ಕೆ ಅಲ್ಲಿ ಅಧಿಕಾರವೇ ಉಳಿಯಲಿಲ್ಲ.

ಹಾಗಾಗಿ ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯ ಆ ಒಲೆಯ ಮುಂದೆ ಹುಟ್ಟಿತು ಎಂಬ ಮಾತಿಗೆ ನಿಮ್ಮಂತೆಯೇ ನಾನೂ ತಲೆದೂಗಲಾರೆ. ಧಾರ್ಮಿಕ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ 1791ರ ಮೊದಲ ತಿದ್ದುಪಡಿಯನ್ನು ಬರೆದವರು ಈ ಅಹವಾಲನ್ನು ಮುಂದಿಟ್ಟುಕೊಂಡು ಬರೆದರು ಎನ್ನಲು ಆಧಾರವಿಲ್ಲ. ಅಹವಾಲಿಗೆ 300 ವರ್ಷ ತುಂಬಿದ 1957ರಲ್ಲಿ ಅಮೆರಿಕದ ಅಂಚೆ ಇಲಾಖೆ ಮೂರು ಸೆಂಟಿನ ಚೀಟಿ ಹೊರಡಿಸಿತು. ಇಂಥ ವಂಶಾವಳಿಗಳಿಗೆ ಅಂಚೆಚೀಟಿಗಳು ಎಲ್ಲ ದೇಶಗಳಲ್ಲೂ ಧಾರಾಳವಾಗಿ ಮುದ್ರೆ ಒತ್ತುತ್ತವೆ.

ಮತ್ತೆ ಯಾಕೆ ಹೋಗಬೇಕು? ಆ ಮನೆ ಚಿಕ್ಕದಾಗಿದೆ ಎಂಬುದಕ್ಕೇ. ನಿಮಗೆ ಬೇಸರ ತಂದ ಒಲೆ ಇರುವುದು ಮನೆಯ ಹಳೆಯ ಭಾಗದಲ್ಲಿ, ಕ್ವೇಕರರು ಕೂಡುತ್ತಿದ್ದರೆಂದು ಹೇಳುವ ಅಡುಗೆಮನೆಯಲ್ಲಿ. ಅಲ್ಲಿ ಪೀಠವಿರಲಿಲ್ಲ, ಗಂಟೆಯಿರಲಿಲ್ಲ, ಪ್ರವಚನಕ್ಕೆ ವೇದಿಕೆಯಿರಲಿಲ್ಲ. ಬೆಂಚುಗಳ ಮೇಲೆ ಕುಳಿತು, ಯಾರಿಗಾದರೂ ಮಾತು ಬರುವವರೆಗೆ ಮೌನವಾಗಿರುವ ಜನ. ಇದನ್ನು ತಡೆಯಲು ಒಂದು ಸರ್ಕಾರ ನದಿ ದಾಟಿ ಬಂತು. ದೇವಾಲಯವನ್ನು ಕೆಡವಿದ ಇತಿಹಾಸ ಎಲ್ಲರಿಗೂ ಗೊತ್ತಿರುತ್ತದೆ. ಅಡುಗೆಮನೆಯಲ್ಲಿ ಯಾರು ಕುಳಿತಿದ್ದಾರೆಂದು ಲೆಕ್ಕ ಕೇಳಿದ ಇತಿಹಾಸವನ್ನು ತೋರಿಸುವ ಜಾಗಗಳು ಕಡಿಮೆ. ಸ್ಟೈವೆಸೆಂಟನ ಹುಕುಮಿನ ಪ್ರಕಾರ ಅತಿಥಿಗೆ ಹಾಸಿಗೆ ಹಾಸಿಕೊಡುವುದೂ ಅಪರಾಧ. ಅದನ್ನು ಓದಿ ತಿಳಿಯುವುದು ಬೇರೆ, ತಗ್ಗಿದ ಮಾಡಿನ ಆ ಕೋಣೆಯಲ್ಲಿ ನಿಂತು ಅಳೆಯುವುದು ಬೇರೆ.

ಕುರ್ಚಿ ಮೇಜುಗಳನ್ನು ಬೇಗ ದಾಟಿಬಿಡಿ, ನನ್ನ ತಕರಾರಿಲ್ಲ. ಒಂದೇ ಕುಟುಂಬ ಒಂಬತ್ತು ತಲೆಮಾರು ಬಾಳಿದ ಮನೆ ಅದು. 1945ರಲ್ಲಿ ಸಂರಕ್ಷಣೆಯ ಸಂಘದ ಕೈಗೆ ಬಂತು, ಈಗ ನ್ಯೂಯಾರ್ಕ್ ನಗರದ ಸ್ವತ್ತು. ಮನೆಯ ಹೆಣ್ಣುಮಗಳನ್ನು ಮದುವೆಯಾದ ಪಾರ್ಸನ್ಸ್ ಕುಟುಂಬದ ಸಸ್ಯ ನರ್ಸರಿ 19ನೇ ಶತಮಾನದಲ್ಲಿ ಬಹಳ ಹೆಸರಾಗಿತ್ತು. ಅದಕ್ಕಿಂತ ಮುಖ್ಯ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದವರಿಗೆ ನೆರವಾದವರಲ್ಲಿ ಆ ಕುಟುಂಬದವರೂ ಇದ್ದರು. ಅಲ್ಲಿಯ ಮಾರ್ಗದರ್ಶಿಯನ್ನು ಈ ಬಗ್ಗೆ ವಿಚಾರಿಸಿ. ಕೇಳದಿದ್ದರೆ ಪೀಠೋಪಕರಣಗಳಲ್ಲೇ ಸಮಯ ಮುಗಿಯುತ್ತದೆ.

ಹೊರಗೆ ಬಂದರೆ ರಸ್ತೆಯ ಆಚೆ ಬದಿಯಲ್ಲಿ ಒಂದು ಕಲ್ಲಿದೆ. 1672ರಲ್ಲಿ ಕ್ವೇಕರ್ ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್ ಬಂದಾಗ ಜನ ಮನೆಯಲ್ಲಿ ಹಿಡಿಸದೆ ಓಕ್ ಮರಗಳ ಕೆಳಗೆ ಸಭೆ ಸೇರಿತ್ತು. ಮರಗಳಿಲ್ಲ, ಕಲ್ಲು ಇದೆ. ಅಲ್ಲಿಂದ ಸ್ವಲ್ಪ ನಡೆದರೆ ನಾರ್ದರ್ನ್ ಬುಲೆವಾರ್ಡಿನಲ್ಲಿ 1694ರ ಕ್ವೇಕರ್ ಸಭಾಮನೆ. ಅಲ್ಲಿ ಇಂದಿಗೂ ಭಾನುವಾರ ಮೌನಪ್ರಾರ್ಥನೆ ನಡೆಯುತ್ತದೆ. ನೋಡಿ ತಿಳಿಯಲು ಆ ಮನೆಗಿಂತ ಇದೇ ಮೇಲು ಎಂದರೂ ನಾನು ವಾದಿಸುವುದಿಲ್ಲ.

ಇನ್ನು ಗಣೇಶ. ಬೌನ್ ಮನೆ ಇರುವ ಬೌನ್ ಬೀದಿಯಲ್ಲೇ ತೆಂಕಣಕ್ಕೆ ಸುಮಾರು ಇಪ್ಪತ್ತು ನಿಮಿಷ ನಡೆದರೆ ನೀವು ಹೋಗಿದ್ದ ಶ್ರೀ ಮಹಾವಲ್ಲಭ ಗಣಪತಿ ದೇವಸ್ಥಾನ. ಕುಂಭಾಭಿಷೇಕ ನಡೆದದ್ದು 1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದ ದಿನ. ಅದಕ್ಕೂ ಮೊದಲು ಆ ಜಾಗದಲ್ಲಿ ಇದ್ದದ್ದು ರಷ್ಯನ್ ಆರ್ಥೊಡಾಕ್ಸ್ ಚರ್ಚು. ಬೌನನ ಅಡುಗೆಮನೆಯಿಂದ ಗಣಪನ ಗರ್ಭಗುಡಿಗೆ ನೇರವಾಗಿ ಗೆರೆ ಎಳೆಯುವ ಉತ್ಸಾಹಿಗಳಿದ್ದಾರೆ. ನನ್ನ ಮಟ್ಟಿಗೆ, ನಮ್ಮವರು ಅಲ್ಲಿಗೆ ಹೋಗಿ ನೆಲೆಸಿ ಗುಡಿ ಕಟ್ಟುವಂತಾದದ್ದಕ್ಕೆ 1657ಕ್ಕಿಂತ 1965ರ ವಲಸೆ ಕಾನೂನಿನ ಪಾಲು ದೊಡ್ಡದು. ಏಷ್ಯಾದವರಿಗೆ ಬಾಗಿಲು ತೆರೆದದ್ದು ಅದು. ಆದರೆ ಚರ್ಚು, ಸಿನಗಾಗ್, ಗುರುದ್ವಾರ, ಮಸೀದಿ, ಸ್ವಾಮಿನಾರಾಯಣ ಮಂದಿರ ಎಲ್ಲವೂ ನಡಿಗೆಯ ದೂರದಲ್ಲಿರುವ ಆ ಬಡಾವಣೆಯಲ್ಲಿ, ನೆರೆಯವನ ಪೂಜೆಗೆ ನೆರೆಯವನು ಸಹಿ ಹಾಕಿದ್ದನ್ನು ನೆನೆಯುವುದು ಅಸಹಜವೇನಲ್ಲ.

ಬೀಗರ ವಿಷಯಕ್ಕೆ ಬರೋಣ. 7ನೇ ಸಂಖ್ಯೆಯ ರೈಲು ಹಿಡಿದು ಕೊನೆಯ ನಿಲ್ದಾಣ ಫ್ಲಶಿಂಗ್ ಮೇನ್ ಸ್ಟ್ರೀಟಿನಲ್ಲಿ ಇಳಿಯಿರಿ. ಮನೆ ಎಲ್ಲ ದಿನವೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿ ಸಮಯ ಗೊತ್ತು ಮಾಡಿಕೊಳ್ಳಿ. ಅಹವಾಲಿನ ಕಥೆಯನ್ನು ರೈಲಿನಲ್ಲೇ ಹೇಳಿ ಮುಗಿಸಿ. ಮೊದಲು ಮನೆ, ಆಮೇಲೆ ಸಭಾಮನೆ, ಕೊನೆಗೆ ದೇವಸ್ಥಾನ. ಈ ಕ್ರಮ ತಪ್ಪಿಸಬೇಡಿ. ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ತಿಂದ ಬೀಗರನ್ನು ಮತ್ತೆ ಇಪ್ಪತ್ತು ನಿಮಿಷ ನಡೆಸುವುದು ನಿಮ್ಮಿಂದಲೂ ಆಗದು, ನಿಮ್ಮ ಅಳಿಯನಿಂದಲೂ ಆಗದು.

– ಸಂ.