ಆಕಾಶ ನೋಡುವವರಿಗೂ ಕಂಡಿದೆ
ತೀರ್ಥಹಳ್ಳಿಯಲ್ಲಿ ಸಂಜೆ ಸಾಲಾಗಿ ಹೋದ ಬೆಳಕುಗಳನ್ನು ನೋಡಿ, ಇಂಥದ್ದು ಖಗೋಳ ವಿಜ್ಞಾನಿಗಳಿಗೆ, ಹವ್ಯಾಸಿಗಳಿಗೆ ಯಾಕೆ ಕಾಣಲ್ಲ ಅಂತ ಕೇಳಿದ್ದೀರಿ.

ಕಂಡಿದೆ, ಹೇಳಿಯೂ ಇದ್ದಾರೆ. ಪ್ಲೂಟೊ ಕಂಡುಹಿಡಿದ ಕ್ಲೈಡ್ ಟಾಂಬೊ 1949ರಲ್ಲಿ ನ್ಯೂ ಮೆಕ್ಸಿಕೊದ ತಮ್ಮ ಮನೆಯಿಂದ ಆಯತಾಕಾರದ ಮಂದ ಬೆಳಕುಗಳ ಗುಂಪನ್ನು ನೋಡಿದರು. ಹೆಂಡತಿ, ಅತ್ತೆಯೂ ಜೊತೆಗಿದ್ದರು. 1970ರ ದಶಕದಲ್ಲಿ ಭೌತವಿಜ್ಞಾನಿ ಪೀಟರ್ ಸ್ಟರಾಕ್ ಅಮೆರಿಕದ ಖಗೋಳ ಸಂಘದ ಸದಸ್ಯರನ್ನು ಕೇಳಿದಾಗ, ಉತ್ತರಿಸಿದ 1356 ಜನರಲ್ಲಿ 62 ಮಂದಿ ತಮಗೆ ವಿವರಿಸಲಾಗದ ಏನನ್ನೋ ಕಂಡಿದ್ದಾಗಿ ಬರೆದರು. ಅನ್ಯಗ್ರಹದವರು ಬಂದರು ಅಂತ ಯಾರೂ ಸುಮ್ನೆ ತೀರ್ಮಾನಿಸಬಾರದು, ಅದು ಬೇರೆ ಮಾತು.

ನೀವು ಕಂಡದ್ದು ಬಹುಶಃ ಇಂಟರ್‌ನೆಟ್ ಕೊಡೋಕೆ ಗುಂಪಾಗಿ ಉಡಾಯಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು. ಉಡಾಯಿಸಿದ ಮೊದಲ ಕೆಲವು ದಿನ ಅವು ಪೋಣಿಸಿದ ಮಣಿಗಳ ಹಾಗೆ ಒಂದರ ಹಿಂದೊಂದು ಸಾಗುತ್ತವೆ. ಮಿನುಗಲ್ಲ, ಸದ್ದಿಲ್ಲ. ಭೂಮಿಯ ನೆರಳು ಸಿಕ್ಕಿದ ಕೂಡಲೇ ಒಂದೊಂದಾಗಿ ಮಾಯ. ನಮ್ಮ ಮಲೆನಾಡಿನ ಕತ್ತಲೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ ಅಲ್ವಾ!

ಮುಂದಿನ ಸಲ ಗಂಟೆ, ದಿಕ್ಕು, ಎಷ್ಟು ಹೊತ್ತು ಕಂಡಿತು ಅಂತ ತಕ್ಷಣ ಬರೆದಿಡಿ. ಉಪಗ್ರಹಗಳು ಯಾವಾಗ, ಎಲ್ಲಿ ಕಾಣುತ್ತವೆ ಅಂತ ತೋರಿಸುವ ಹೆವೆನ್ಸ್ ಅಬೌವ್ ಜಾಲತಾಣದಲ್ಲಿ ನಿಮ್ಮೂರು ಕೊಟ್ಟು ತಾಳೆ ನೋಡಿ. ತಾಳೆಯಾಗದಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ, ಸೇರಿ ಹುಡುಕೋಣ.