ನಾಲ್ಕು ಸೀರೆ, ಒಂದು ಕುಲಾವಿ, ಒಂದೇ ವಾರ

ಪ್ರಶ್ನೆ: ಅಕ್ಕಾ, ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿಕೊಂಡು ಕೆಲಸ ಮಾಡುವವಳು. ಸಂಜೆ ಹೊತ್ತು ಸೀರೆಗೆ ಕ್ರೋಶಾ ಕುಚ್ಚು ಹಾಕಿಕೊಡುತ್ತೇನೆ. ಬರುವ ಭಾನುವಾರದ ಮದುವೆಗೆ ನಾಲ್ಕು ಸೀರೆ ಒಪ್ಪಿಕೊಂಡಿದ್ದೇನೆ, ಶನಿವಾರ ಸಂಜೆ ಕೊಡಬೇಕು, ಅಡ್ವಾನ್ಸೂ ತಗೊಂಡಿದ್ದೇನೆ. ಮದುಮಗಳ ಸೀರೆಗೆ ಮಣಿ ಡಿಸೈನು, ಆರು ಗಂಟೆ ಹಿಡಿಯುತ್ತೆ. ಉಳಿದವಕ್ಕೆ ತಲಾ ಎರಡೂವರೆ. ಮುಂದಿನ ಬುಧವಾರ ತಂಗಿ ಮಗುವಿನ ನಾಮಕರಣ. ಸ್ವೆಟರ್, ಕುಲಾವಿ, ಸಾಕ್ಸ್ ಮೂರೂ ತರುತ್ತೇನೆ ಅಂದುಬಿಟ್ಟಿದ್ದೇನೆ, ಸ್ವೆಟರಿನ ಬೆನ್ನಿನ ಭಾಗ ಅರ್ಧ ಮಾತ್ರ ಆಗಿದೆ. ಲಾಕ್‌ಡೌನ್‌ನಲ್ಲಿ ಶುರು ಮಾಡಿದ ಕ್ರೋಶಾ ಹೊದಿಕೆಗೆ 120 ಚೌಕ ಬೇಕು, ಆಗಿರೋದು 63. ಇದರ ಮಧ್ಯೆ ನನ್ನ ವಾರಗಿತ್ತಿ ಅದೇ ಮದುವೆಗೆ ಉಡೋಕೆ ಅಂತ ತಮ್ಮ ಸೀರೆ ತಂದಿಟ್ಟು, ‘ನಿನಗೇನು, ಟಿವಿ ನೋಡ್ತಾ ಹಾಕಿಬಿಡ್ತೀಯ’ ಅಂದು ಹೋದರು. ನಮ್ಮ ಯಜಮಾನರು ‘ಒಂದು ಮುಗಿಸಿ ಇನ್ನೊಂದು ಹಿಡಿಯೋಕೆ ಏನು ಕಷ್ಟ’ ಅಂತಾರೆ. ನಾನು ಯಾವುದನ್ನೂ ಮುಗಿಸದವಳಾ?

ಉತ್ತರ: ನಿಮ್ಮ ಪತ್ರ ಬಂದಿದ್ದು ಭಾನುವಾರ ರಾತ್ರಿ, ಹಾಗಾಗಿ ಕಾಯಿಸದೆ ಬರೆಯುತ್ತಿದ್ದೇನೆ.

ಮೊದಲು ಯಜಮಾನರ ಮಾತು. ಅನ್ನಕ್ಕಿಟ್ಟು, ಅದು ಆದ ಮೇಲೆ ಬೇಳೆ ಇಟ್ಟು, ಬೇಳೆ ಬೆಂದ ಮೇಲೆ ತರಕಾರಿ ಹೆಚ್ಚೋಕೆ ಕೂತರೆ ಊಟ ಎಷ್ಟು ಗಂಟೆಗೆ ಅಂತ ಅವರನ್ನೇ ಕೇಳಿ. ಕೈಗೆಲಸವೂ ಹಾಗೇ. ಜರಿ ಸೀರೆಯನ್ನು ರೈಲಿನಲ್ಲಿ ಮಡಿಲ ಮೇಲೆ ಹರಡಿಕೊಂಡು ಕೂರೋಕಾಗುತ್ತಾ? ಆಗಲ್ಲ. ಹೊದಿಕೆಯ ಚೌಕ ಆದರೆ ಒಂದು ಉಂಡೆ, ಒಂದು ಕಡ್ಡಿ, ಬ್ಯಾಗಿನ ಮೂಲೆಯಲ್ಲಿ ಇರುತ್ತೆ. ಸ್ಟೇಷನ್ ಬಂತು ಅಂದರೆ ಕಡ್ಡಿ ತೆಗೆದು ಆ ಒಂದೇ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ ಇಳಿದುಬಿಡಬಹುದು. ಸ್ವೆಟರ್ ಹಾಗಲ್ಲ, ಕಡ್ಡಿ ತುಂಬಾ ಕುಣಿಕೆ ಇರುತ್ತವೆ, ಯಾರದೋ ಮೊಣಕೈ ತಗುಲಿ ನಾಲ್ಕು ಜಾರಿದರೆ ಕೆಳಗಿನ ಸಾಲಿನ ತನಕ ಏಣಿಯ ಹಾಗೆ ಬಿಚ್ಚಿಕೊಂಡು ಹೋಗುತ್ತೆ. ಅದಕ್ಕೇ ಮೂರು ಕೆಲಸ ಜೊತೆಯಲ್ಲಿ ಇಟ್ಟುಕೊಂಡಿದ್ದರಲ್ಲಿ ನನಗೇನೂ ತಪ್ಪು ಕಾಣಲ್ಲ.

ತಪ್ಪಿರೋದು ತಾರೀಖಿನಲ್ಲಿ. ಲೆಕ್ಕ ಹಾಕಿ. ಆರು ಗಂಟೆ, ಮೂರು ಸಲ ಎರಡೂವರೆ, ಒಟ್ಟು ಹದಿಮೂರೂವರೆ. ಮನೆ ಸೇರಿ, ಅಡುಗೆ ಊಟ ಮುಗಿಸಿದ ಮೇಲೆ ಎರಡು ಗಂಟೆ ಸಿಕ್ಕರೂ ಶುಕ್ರವಾರದ ತನಕ ಹತ್ತು. ಉಳಿದ ಮೂರೂವರೆ ಶನಿವಾರಕ್ಕೆ. ಅಂದರೆ ಈ ವಾರ ಪೂರ್ತಿ ಕುಚ್ಚಿನದು. ಬೇರೆಯವರ ಸೀರೆ, ದುಡ್ಡು ತಗೊಂಡಾಗಿದೆ, ಮುಹೂರ್ತ ನಿಮಗೋಸ್ಕರ ಮುಂದೆ ಹೋಗಲ್ಲ. ಮದುಮಗಳ ಸೀರೆಯನ್ನು ಕೊನೆಗಿಟ್ಟುಕೊಳ್ಳಬೇಡಿ, ಇವತ್ತೇ ಹಿಡಿಯಿರಿ. ಸುಸ್ತಾದ ಕೈಯಲ್ಲಿ ಮಣಿ ಎಣಿಕೆ ತಪ್ಪುತ್ತೆ. ಕಡು ಮೆರೂನ್, ಕಡು ನೀಲಿ ದಾರಗಳನ್ನು ಬೆಳಗಿನ ಬೆಳಕಿನಲ್ಲೇ ಆರಿಸಿ ಬೇರೆ ಬೇರೆ ಕವರಿಗೆ ಹಾಕಿಡಿ. ರಾತ್ರಿ ಬಲ್ಬಿನ ಕೆಳಗೆ ಎರಡೂ ಕಪ್ಪೇ. ಇನ್ನೊಂದು, ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ರೇಷ್ಮೆ ಸೆರಗು ಮುಟ್ಟಬೇಡಿ. ನಾನು ಒಂದು ಸಲ ಮುಟ್ಟಿ, ಆ ಸೀರೆಯ ಡ್ರೈಕ್ಲೀನಿಂಗಿಗೆ ಕುಚ್ಚಿನ ಕೂಲಿಗಿಂತ ಜಾಸ್ತಿ ತೆತ್ತಿದ್ದೇನೆ.

ಈಗ ಮಗುವಿನ ಸ್ವೆಟರ್. ಬೇಜಾರಾಗುತ್ತೆ, ಆದರೂ ಹೇಳಬೇಕು. ಇದು ಮೇ ತಿಂಗಳು. ಫ್ಯಾನ್ ಹಾಕಿದರೂ ಬೆವರುವ ಈ ಸೆಖೆಯಲ್ಲಿ ಉಲ್ಲನ್ ಸ್ವೆಟರ್ ಯಾವ ಮಗುವಿಗೆ ಬೇಕು? ನಾಮಕರಣದ ದಿನ ಎಲ್ಲರೂ ‘ಅಯ್ಯೋ ಎಷ್ಟು ಚೆನ್ನಾಗಿದೆ’ ಅಂತಾರೆ, ಫೋಟೋ ತೆಗೀತಾರೆ, ಮಗು ಅಳುತ್ತೆ, ಸ್ವೆಟರ್ ಬೀರು ಸೇರುತ್ತೆ. ಕಾರ್ತಿಕದ ಚಳಿಗೆ ಹೊರಗೆ ತೆಗೆದಾಗ ಮಗುವಿಗೆ ಏಳು ತಿಂಗಳು, ತೋಳು ಮೊಣಕೈ ದಾಟಲ್ಲ. ಹಾಗಾಗಿ ಅರ್ಧ ಆಗಿರುವ ಬೆನ್ನನ್ನು ಬಿಚ್ಚಿಬಿಡಿ. ಹೌದು, ಬಿಚ್ಚಿ. ಎದೆ ಸುತ್ತಳತೆ 20 ಇಂಚು ಬರುವ ಹಾಗೆ ಆಗಸ್ಟಿನಲ್ಲಿ ಹೊಸದಾಗಿ ಶುರು ಮಾಡಿ. ಅಳತೆ ದೊಡ್ಡದಾದರೆ ಉಲ್ಲನ್ನೂ ಜಾಸ್ತಿ ಬೇಕು, ಅದನ್ನು ಮಾತ್ರ ಈಗಲೇ ತನ್ನಿ. ಉಂಡೆಯ ಪಟ್ಟಿ ಮೇಲೆ ಲಾಟ್ ನಂಬರ್ ಇರುತ್ತಲ್ಲ, ಅದೇ ಲಾಟು ಆಮೇಲೆ ಸಿಗದಿದ್ದರೆ ಒಂದು ತೋಳು ತಿಳಿ ಹಳದಿ, ಇನ್ನೊಂದು ಸ್ವಲ್ಪ ಮಂಕು ಹಳದಿ ಆಗಿ ಕೂರುತ್ತೆ. ಕಡ್ಡಿ ಎಷ್ಟನೇ ನಂಬರ್, ಎಷ್ಟು ಕುಣಿಕೆ ಅಂತ ಚೀಟಿ ಬರೆದು ಅದೇ ಕವರಿಗೆ ಹಾಕಿ. ನೆನಪಿರುತ್ತೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಸಿಗುವ ಕಡ್ಡಿಗಳಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ, 10ನೇ ನಂಬರಿನಲ್ಲಿ ಶುರು ಮಾಡಿ, ಮರೆತು 12ರಲ್ಲಿ ಮುಂದುವರಿಸಿದರೆ ಸ್ವೆಟರಿಗೆ ಮಧ್ಯದಲ್ಲಿ ಸೊಂಟ ಬಂದುಬಿಡುತ್ತೆ.

ನಾಮಕರಣಕ್ಕೆ ಬರಿಗೈಲಿ ಹೋಗೋದಾ ಅಂತೀರಾ? ಬೇಡ. ಕಾಟನ್ ದಾರದಲ್ಲಿ ಕ್ರೋಶಾ ಕುಲಾವಿ ಹಾಕಿ, ಮದುವೆ ಮುಗಿದ ಮೇಲಿನ ಸೋಮವಾರ, ಮಂಗಳವಾರದ ಎರಡು ಸಂಜೆ ಸಾಕು. ತಂಗಿಗೆ ಫೋನ್ ಮಾಡಿ ಟೇಪ್ ಹಿಡಿದು ತಲೆ ಸುತ್ತಳತೆ ಹೇಳೋಕೆ ಹೇಳಿ. ಹುಟ್ಟಿದಾಗ 34-35 ಸೆಂ.ಮೀ. ಇರುವ ತಲೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತೆ, ಅಂದಾಜಿನ ಮೇಲೆ ಹಾಕಿದರೆ ಬಿಗಿಯಾಗುತ್ತೆ. ಕುಚ್ಚಿನಲ್ಲಿ ಉಳಿದ ಮಣಿಗಳು ಎಷ್ಟೇ ಚಂದ ಇರಲಿ, ಕುಲಾವಿಗೆ ಹೊಲಿಯಬೇಡಿ, ಕಿತ್ತರೆ ನೇರ ಬಾಯಿಗೆ. ಮಲಗಿಸುವಾಗ ಕುಲಾವಿ ತೆಗೆಯೋಕೂ ತಂಗಿಗೆ ಹೇಳಿ. ಸಾಕ್ಸ್ ಬಿಟ್ಟುಬಿಡಿ, ಒದ್ದು ಒದ್ದು ಬೀಳಿಸಿಕೊಳ್ಳುತ್ತವೆ.

ನಿಜವಾದ ತಲೆನೋವು ವಾರಗಿತ್ತಿಯ ಆ ಐದನೇ ಸೀರೆ ಅಲ್ವಾ? ಪತ್ರದಲ್ಲಿ ಅದನ್ನು ಎಲ್ಲದರ ಮಧ್ಯೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ, ಆದರೆ ಅವರ ಮಾತನ್ನು ಮಾತ್ರ ಅಕ್ಷರ ಬಿಡದೆ ನೆನಪಿಟ್ಟಿದ್ದೀರಿ. ಟಿವಿ ನೋಡ್ತಾ ಮಣಿ ಡಿಸೈನ್ ಹಾಕಿದವರನ್ನು ನಾನು ಇನ್ನೂ ನೋಡಿಲ್ಲ. ಆದರೂ ಅವರ ಜೊತೆ ಜಗಳ ಬೇಡ, ವಿವರಣೆಯೂ ಬೇಡ. ವಿವರಿಸಿದಷ್ಟೂ ‘ಅದೆಷ್ಟು ಹೊತ್ತಿನ ಕೆಲಸ’ ಅನ್ನೋ ಚೌಕಾಶಿ ಶುರುವಾಗುತ್ತೆ. ಇವತ್ತೇ ಸೀರೆ ತಗೊಂಡು ಹೋಗಿ, ‘ಅಕ್ಕಾ, ಈ ಮದುವೆಗೆ ನನ್ನ ಕೈಲಿ ಆಗಲ್ಲ, ಶನಿವಾರದ ತನಕ ಆರ್ಡರ್ ಇದೆ. ಅಂಗಡಿಯಲ್ಲಿ ಕೊಟ್ಟರೆ ಟೈಮಿಗೆ ಸಿಗುತ್ತೆ’ ಅನ್ನಿ. ‘ನೋಡೋಣ’ ಅನ್ನಬೇಡಿ. ನಮ್ಮ ಕಡೆ ‘ನೋಡೋಣ’ ಅಂದರೆ ಒಪ್ಪಿಕೊಂಡ ಹಾಗೆ. ಯಜಮಾನರ ಕೈಲಿ ಹೇಳಿ ಕಳಿಸಲೂ ಬೇಡಿ, ಮಾತು ಮಧ್ಯದಲ್ಲಿ ಬಣ್ಣ ಬದಲಾಯಿಸುತ್ತೆ. ಮುಖ ದಪ್ಪ ಮಾಡಿಕೊಳ್ಳಬಹುದು. ಇವತ್ತು ಹೇಳಿದರೆ ಎರಡು ದಿನದ ಕೋಪ, ಶುಕ್ರವಾರ ರಾತ್ರಿ ಹೇಳಿದರೆ ಮದುವೆ ಮನೆಯಲ್ಲಿ ಊಟದ ಸಾಲಿನಲ್ಲೂ ಅದೇ ಮಾತು.

ಹೊದಿಕೆ ವಿಷಯ. ಅದಕ್ಕೆ ತಾರೀಖು ಹಾಕಿಕೊಳ್ಳಬೇಡಿ. ರೈಲಿನಲ್ಲಿ ಸೀಟು ಸಿಕ್ಕ ದಿನ ಹಾಕಿ, ನಿಂತ ದಿನ ಬಿಡಿ. ವಾರವಿಡೀ ಸಣ್ಣ ಕಡ್ಡಿ, ತೆಳು ದಾರ ಹಿಡಿದ ಬೆರಳಿಗೆ ದಪ್ಪ ಉಲ್ಲನ್ ಒಂದಿಷ್ಟು ಆರಾಮ ಕೊಡುತ್ತೆ. ನನ್ನ ಹತ್ತಿರವೂ ಒಂದು ತೋಳಿನ ಸ್ವೆಟರ್ ಇದೆ, ನಮ್ಮೆಜಮಾನರಿಗೆ ಅಂತ ಶುರು ಮಾಡಿದ್ದು, ಈಗ ಮಗನಿಗೂ ಬಿಗಿ. ಹಾಗಾಗಿ ‘ಯಾವುದನ್ನೂ ಮುಗಿಸದವಳು’ ಅಂತ ನಿಮ್ಮನ್ನು ನಾನಂತೂ ಅನ್ನಲ್ಲ. ಒಂದು ಭಾನುವಾರ ಆ ಚೌಕಗಳನ್ನೆಲ್ಲ ಚಾಪೆ ಮೇಲೆ ಹರಡಿ ನೋಡಿ. ಏಳು ಸಾಲು, ಸಾಲಿಗೆ ಒಂಬತ್ತು, ಸರಿಯಾಗಿ 63. ಚೌಕ ಐದು ಇಂಚಿನದಾದರೆ 35ಕ್ಕೆ 45 ಇಂಚು, ಸೋಫಾ ಮೇಲೆ ಕಾಲು ಚಾಚಿ ಕೂತಾಗ ಹೊದ್ದುಕೊಳ್ಳೋಕೆ ಧಾರಾಳ. ಬೇಕಾದರೆ ಅಲ್ಲಿಗೇ ಸೇರಿಸಿ ಅಂಚು ಹಾಕಿಬಿಡಿ. ತಂಗಿ ಮಗುವಿಗೆ ಕೊಡಲಾ ಅಂತ ಮಾತ್ರ ಇನ್ನೊಂದು ಪತ್ರ ಬರೆಯಬೇಡಿ, ಅದು ನಿಮ್ಮ ಹೊದಿಕೆ.